ಅಪ್‌ಡೇಟ್: ಅಮ್ಮನ ಅಂಗಾಲಿನ ಹುಣ್ಣು ಮಾಯತೊಡಗಿದೆ

ಮಧುಮೇಹವಿರುವ ನನ್ನ ತಾಯಿಯವರ ಅಂಗಾಲಿನ ಹುಣ್ಣು ತಿಂಗಳುಗಟ್ಟಲೆ ಔಷಧ ಹಚ್ಚಿದರೂ ಏಕೆ ಮಾಯುತ್ತಿಲ್ಲವೆಂದು ಈ ಹಿಂದೆ ಕೇಳಿದ್ದೆ. ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ ಎಂದು ಹಲವರು ಬರೆದಿದ್ದಿರಿ. ಆ ಸಲಹೆಯೇ ಫಲ ಕೊಟ್ಟಿದೆ.

ವೈದ್ಯರು ವಿವರಿಸಿದಂತೆ, ಗಾಯವಾದ ಕೂಡಲೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಅವುಗಳ ಹಿಂದೆ ಬರುವ ಮ್ಯಾಕ್ರೋಫೇಜ್ ಎಂಬ ಕೋಶಗಳು ಸತ್ತ ಕೋಶಗಳನ್ನು ನುಂಗಿ ತೆರವುಗೊಳಿಸಿದ ಬಳಿಕ ತಮ್ಮ ಸ್ವಭಾವವನ್ನೇ ಬದಲಿಸಿಕೊಂಡು, ಹೊಸ ರಕ್ತನಾಳಗಳು ಚಿಗುರುವಂತೆಯೂ ಫೈಬ್ರೋಬ್ಲಾಸ್ಟ್ ಕೋಶಗಳು ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್ ನಾರನ್ನು ನೇಯುವಂತೆಯೂ ಸಂಕೇತ ನೀಡುತ್ತವೆ. ಹೀಗೆ ರಕ್ತಕಣಗಳು ಧಾವಿಸಿ ಬರುವ ಉರಿಯೂತವೇ ದುರಸ್ತಿಯ ಮೊದಲ ಹಂತ ಎಂಬುದು ನನಗೆ ಬಹಳ ಮುಖ್ಯವೆನಿಸಿತು. ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಸೇವಿಸುವವರ ಗಾಯಗಳು ತಡವಾಗಿ ಮಾಯುವುದಕ್ಕೂ ಇದೇ ಕಾರಣವಂತೆ. ಮಧುಮೇಹದಲ್ಲಿ ಮ್ಯಾಕ್ರೋಫೇಜ್‌ಗಳ ಆ ಬದಲಾವಣೆ ಅರ್ಧದಲ್ಲೇ ನಿಲ್ಲುತ್ತದೆ: ನ್ಯೂಟ್ರೋಫಿಲ್‌ಗಳು ಹಿಂದೆ ಸರಿಯುವುದಿಲ್ಲ, ಪ್ರೋಟೀನ್ ಕರಗಿಸುವ ಅವುಗಳ ಕಿಣ್ವಗಳು ಹೊಸ ಕೊಲಾಜೆನ್ನನ್ನೇ ಒಡೆದುಹಾಕುತ್ತವೆ. ನರಗಳು ಮಂದವಾಗಿರುವುದರಿಂದ ಅಮ್ಮನಿಗೆ ನೋವೇ ತಿಳಿಯದೆ, ಪ್ರತಿ ಹೆಜ್ಜೆಯೂ ಹುಣ್ಣನ್ನು ಮತ್ತೆ ಜಜ್ಜುತ್ತಿತ್ತು.

ಶಸ್ತ್ರವೈದ್ಯರು ಮೊದಲು ಪಾದದ ರಕ್ತಸಂಚಾರವನ್ನು ಪರೀಕ್ಷಿಸಿ, ಸತ್ತ ಅಂಗಾಂಶವನ್ನೂ ಅಂಚಿನ ಗಟ್ಟಿ ಚರ್ಮವನ್ನೂ ಕತ್ತರಿಸಿ ತೆಗೆದು, ಭಾರವನ್ನು ಇಡೀ ಪಾದಕ್ಕೂ ಮೀನಖಂಡಕ್ಕೂ ಹಂಚುವಂತಹ ಪ್ಲಾಸ್ಟರನ್ನು ಮೊಣಕಾಲಿನ ಕೆಳಗಿನವರೆಗೆ ಹಾಕಿದರು. ವಾರವಾರವೂ ಬಿಚ್ಚಿ ನೋಡುತ್ತಾರೆ. ಈಗ ಹುಣ್ಣಿನ ತಳದಲ್ಲಿ ಕೆಂಪಗಿನ, ಹರಳುಹರಳಾದ ಹೊಸ ಮಾಂಸ ತುಂಬಿದೆ. ಅಂಚಿನಿಂದ ತೆಳು ಚರ್ಮ ಹರಡುತ್ತಿದೆ.

ಚರ್ಮ ಮುಚ್ಚಿಕೊಂಡ ಮೇಲೂ ಒಳಗೆ ಕೊಲಾಜೆನ್‌ನ ಮರುಜೋಡಣೆ ತಿಂಗಳುಗಟ್ಟಲೆ ಸಾಗುತ್ತದೆ, ಮತ್ತು ಗಾಯದ ಕಲೆಯು ಮೂಲ ಚರ್ಮದ ಬಲದ ಸುಮಾರು ಶೇ. 80ನ್ನು ಮೀರುವುದು ಅಪರೂಪ. ಆದ್ದರಿಂದ ಪ್ಲಾಸ್ಟರ್ ತೆಗೆದ ನಂತರ ಅಮ್ಮ ಮನೆಯೊಳಗೂ ಎಂಸಿಆರ್ (ಮೃದು ರಬ್ಬರಿನ) ಚಪ್ಪಲಿ ಧರಿಸಬೇಕು, ನಾವು ದಿನವೂ ಅವರ ಅಂಗಾಲು ಪರೀಕ್ಷಿಸಬೇಕು.