ಜಿಂಜರ್ ಒಳಗಿನ ಬೇರು: ಭಾಷಾಶಾಸ್ತ್ರದ ಮೇಡಂಗೆ ಕೇಳಿ

ಶುಂಠಿ ಬೆಳೆಗಾರ: ಮೇಡಂ, ಶುಂಠಿಗೆ ಇಂಗ್ಲಿಷಿನಲ್ಲಿ ಜಿಂಜರ್ ಅನ್ನೋದು ಯಾಕೆ? ಮಗಳು ಕೇಳಿದಳು, ಸಿಕ್ಕಿಹಾಕಿಕೊಂಡೆ.

ಮೇಡಂ: ನನಗೆ ತುಂಬಾ ಇಷ್ಟದ ಪದ ಇದು. ಲ್ಯಾಟಿನ್ನಿನಲ್ಲಿ ಜಿಂಗಿಬೆರ್, ಅದಕ್ಕೂ ಮೊದಲು ಗ್ರೀಕಿನಲ್ಲಿ ಜಿಂಗಿಬೆರಿಸ್, ಪಾಲಿಯಲ್ಲಿ ಸಿಂಗಿವೇರ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ದ್ರಾವಿಡ ಮನೆಗೇ ಬರುತ್ತೇವೆ: ಇಂಜಿ, ವೇರ್. ಶುಂಠಿಗೆ ಇಂಜಿ ಅಂತ ತಮಿಳರು, ಮಲಯಾಳಿಗಳು ಈಗಲೂ ಹೇಳುತ್ತಾರೆ. ಪದದ ಆರಂಭದಲ್ಲಿ ಹಿಂದೆ ಇದ್ದ ಚಕಾರ ಅವರಲ್ಲಿ ಬಿದ್ದುಹೋಯಿತು, ಪಾಲಿಯಲ್ಲಿ ಸಕಾರವಾಗಿ ಉಳಿಯಿತು. ವೇರ್ ಅಂದರೆ ಬೇರೇನಲ್ಲ, ನಮ್ಮ ಬೇರು! ವಾಯ್ ಬಾಯಿ ಆದ ಹಾಗೆ, ವಿಲ್ ಬಿಲ್ಲು ಆದ ಹಾಗೆ. ಜಿಂಜರ್ ಕೊನೆಯ ‘ಅರ್’ ಇದೆಯಲ್ಲ, ಅದು ಸವೆದು ಉಳಿದ ಬೇರಿನ ತುಂಡು. ತಮಾಷೆ ಅಂದರೆ ನಾವು ಕನ್ನಡಿಗರು ಹೇಳುವ ಶುಂಠಿ ಸಂಸ್ಕೃತದ್ದು. ಅಲ್ಲಿ ಅದು ಒಣಗಿದ್ದಕ್ಕೆ ಹೆಸರು, ಅದಕ್ಕೇ ನಾವು ‘ಹಸಿ’ ಅಂತ ಸೇರಿಸಬೇಕಾಗಿದೆ.

ನಿವೃತ್ತ ಮೇಷ್ಟ್ರು: ಬಂದ ಸಂದೇಶ ಹಾಕಿದ್ದೇನೆ. ಶೃಂಗ ಅಂದರೆ ಕೊಂಬು, ವೇರ ಅಂದರೆ ಮೈ. ಶೃಂಗವೇರವೇ ಜಿಂಜರ್. ಇಂಗ್ಲಿಷ್ ಪೂರ್ತಿ ಸಂಸ್ಕೃತದಿಂದ ಬಂದದ್ದು. ಎಲ್ಲರಿಗೂ ಕಳಿಸಿ.

ಮೇಡಂ: ದಯವಿಟ್ಟು ಯಾರಿಗೂ ಕಳಿಸಬೇಡಿ ಸಾರ್. ಶೃಂಗವೇರ ಅನ್ನೋ ಪದ ಇದೆ, ಕೊಂಬಿನ ಕತೆ ಆಮೇಲೆ ಕಟ್ಟಿದ್ದು. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ಜನ ಗೊತ್ತಿರುವ ಪದಕ್ಕೆ ಹೊಂದಿಸಿಕೊಳ್ಳುತ್ತಾರೆ. ಜಿಂಜರ್‌ಬ್ರೆಡ್ ಕೂಡ ಹಾಗೇ. ಹಳೇ ಫ್ರೆಂಚಿನ ‘ಜಿಂಜೆಬ್ರಾಸ್’ ಪದಕ್ಕೆ ಪಾಕ ಹಾಕಿಟ್ಟ ಶುಂಠಿ ಅಂತ ಅರ್ಥ. ಕೊನೆಯ ‘ಬ್ರಾಸ್’ ಇಂಗ್ಲಿಷರಿಗೆ ಬ್ರೆಡ್ ಅಂತ ಕೇಳಿಸಿತು!

ಬೆಂಗಳೂರು ಹುಡುಗ: ಹಾಗಾದ್ರೆ ಜಿಂಜರ್ ಸಂಸ್ಕೃತ ಪದಾನಾ?

ಮೇಡಂ: ಮೇಲೆ ಓದಿ.

ಧಾರವಾಡದಕ್ಕ: ನಮ್ಮ ಕಡೆ ಶುಂಠಿ ಅಂದ್ರ ಒಣಾದ್ದು. ಹಸೀದಕ್ಕ ಅಲ್ಲ ಅಂತೀವಿ. ಅಲ್ಲದ ಚಹಾ ಕುಡದೀರೇನು?

ಮೈಸೂರಿನವ: ಅಲ್ಲ ಅಂದರೆ ಅಲ್ಲ ಅಂತ ಅರ್ಥ ಅಕ್ಕ. ಕನ್ನಡ ಕೆಡಿಸಬೇಡಿ.

ಧಾರವಾಡದಕ್ಕ: ತೆಲುಗಿನ್ಯಾಗೂ ಅಲ್ಲಂ ಅಂತಾರ. ಕೆಡಿಸಿದ್ದು ಯಾರಪಾ?

ಮೈಸೂರಿನವ: ತೆಲುಗಿಗೆ ಹೋಗಿ ಬಿಡಿ ಹಾಗಾದರೆ.

ಶುಂಠಿ ಬೆಳೆಗಾರ: ಅಂದಹಾಗೆ ಗೆಡ್ಡೆ ಕೊಳೆಯುತ್ತಿದೆ, ಔಷಧಿ ಯಾರಿಗಾದರೂ ಗೊತ್ತಾ?

ಹೆಸರಿಲ್ಲದ ಸದಸ್ಯ: ಎಳ್ಳಿಗೆ ಇಂಗ್ಲಿಷಿನಲ್ಲಿ ಜಿಂಜೆಲ್ಲಿ ಅಂತಾರಲ್ಲ, ಅದು ಕೂಡ ಇದರದ್ದೇ ಅಲ್ವಾ?

ಮೇಡಂ: ಅಲ್ಲ. ಧಾರವಾಡದ ಅಲ್ಲ ಅಲ್ಲ. ಅದು ಬೇರೆ ಪದ.

ನಿವೃತ್ತ ಮೇಷ್ಟ್ರು: ಹಾಗಾದರೆ ತಮಿಳರದ್ದು ಅಂತ ಒಪ್ಪಿಕೊಂಡಿರಾ?

ಮೇಡಂ: ತಮಿಳು ಅಂತ ನಾನು ಎಲ್ಲಿ ಹೇಳಿದೆ ಸಾರ್? ದ್ರಾವಿಡ ಅಂದೆ, ಅಂದರೆ ತಮಿಳು, ಕನ್ನಡ ಬೇರೆಯಾಗುವುದಕ್ಕೂ ಹಿಂದಿನ ಮೂಲ. ನಾಳೆ ತರಗತಿ ಇದೆ, ಮಲಗುತ್ತೇನೆ.

ನಿವೃತ್ತ ಮೇಷ್ಟ್ರು: ಇನ್ನೊಂದು ಸಂದೇಶ ಬಂದಿದೆ, ಹಾಕುತ್ತೇನೆ.