ರಿವರ್ಸ್ ಬಯಾಸ್‌ನಲ್ಲೂ ಕರೆಂಟ್ ಏರುತ್ತಿದೆ, ಡಯೋಡ್ ಕೆಟ್ಟಿದೆಯಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯು ಓದುತ್ತಿದ್ದೇನೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಎರಡು ಅಗ್ಗದ ಮಲ್ಟಿಮೀಟರ್ ತಂದು, ವೋಲ್ಟೇಜಿಗೆ ತಕ್ಕಂತೆ ಕರೆಂಟ್ ಹೇಗೆ ಬದಲಾಗುತ್ತದೆ ಅನ್ನುವ ಗ್ರಾಫಿನ ಪ್ರಾಕ್ಟಿಕಲ್ ಮನೆಯಲ್ಲೇ ಮಾಡಿ ನೋಡುತ್ತಿದ್ದೇನೆ. ಫಾರ್ವರ್ಡ್ ಬಯಾಸ್, ಅಂದರೆ ಕರೆಂಟ್ ಹರಿಯಬೇಕಾದ ದಿಕ್ಕಿನಲ್ಲಿ ಜೋಡಿಸಿದ್ದು, ಸರಿ ಬಂತು. 0.4 ವೋಲ್ಟ್ ತನಕ ಏನೂ ಇಲ್ಲ ಅನ್ನುವಷ್ಟು, 0.6 ದಾಟಿದ ಮೇಲೆ ಸರ್ರನೆ ಏರಿತು. ಆದರೆ ಡಯೋಡ್ ತಿರುಗಿಸಿ ಹಾಕಿದರೆ (ರಿವರ್ಸ್ ಬಯಾಸ್) 5 ವೋಲ್ಟ್‌ಗೆ 5 ಮೈಕ್ರೋ ಆಂಪಿಯರ್, 10ಕ್ಕೆ 10, 15ಕ್ಕೆ 15 ತೋರಿಸುತ್ತಿದೆ. ರಿವರ್ಸ್‌ನಲ್ಲಿ ಕರೆಂಟ್ ಹೆಚ್ಚುಕಮ್ಮಿ ಒಂದೇ ಇರಬೇಕು ಅಲ್ವಾ? ಮೂರು ಡಯೋಡ್ ಬದಲಾಯಿಸಿದೆ, ಮೂರರಲ್ಲೂ ಇದೇ ಕಥೆ. ಡೂಪ್ಲಿಕೇಟ್ ಮಾಲು ಕೊಟ್ಟುಬಿಟ್ಟರಾ?

ಉತ್ತರ:
ಡಯೋಡ್ ಚೆನ್ನಾಗಿಯೇ ಇದೆ, ಅಂಗಡಿಯವರದ್ದು ತಪ್ಪಿಲ್ಲ. ನಿಮ್ಮ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. 5ಕ್ಕೆ 5, 10ಕ್ಕೆ 10. ಡಯೋಡ್ ಹೀಗೆ ನಡೆದುಕೊಳ್ಳುವುದಿಲ್ಲ, ಇದು ರೆಸಿಸ್ಟರ್‌ನ ಗುಣ, ಲೆಕ್ಕ ಹಾಕಿದರೆ 1 ಮೆಗಾ ಓಮ್ ಬರುತ್ತದೆ. ಅದು ಕೂತಿರುವುದು ನಿಮ್ಮ ವೋಲ್ಟ್‌ಮೀಟರ್ ಒಳಗೆ! ಅಗ್ಗದ ಡಿಜಿಟಲ್ ಮೀಟರ್ ಎಷ್ಟೋ 1 ಮೆಗಾ ಓಮ್‌ನವು, ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ 10 ಮೆಗಾ ಓಮ್‌ನದ್ದು ಸಿಗುತ್ತದೆ. ನೀವು ವೋಲ್ಟ್‌ಮೀಟರನ್ನು ಡಯೋಡ್‌ನ ಎರಡು ಕಾಲಿಗೇ ಕಚ್ಚಿಸಿದ್ದೀರಿ ಅಂತ ಕಾಣುತ್ತೆ, ಹಾಗಾಗಿ ಅದು ಎಳೆದುಕೊಳ್ಳುವ ಕರೆಂಟೂ ಅಮ್ಮೀಟರ್ ಮೂಲಕವೇ ಹೋಗುತ್ತಿದೆ. ಫಾರ್ವರ್ಡ್‌ನಲ್ಲಿ ಮಿಲಿ ಆಂಪಿಯರ್ ಹರಿಯುವಾಗ ಇದು ಲೆಕ್ಕಕ್ಕೇ ಬರಲ್ಲ. ರಿವರ್ಸ್‌ನಲ್ಲಿ ಈ ಡಯೋಡ್ ಬಿಡುವುದು ಬರೀ ನ್ಯಾನೋ ಆಂಪಿಯರ್‌ಗಳಲ್ಲಿ (ಮೈಕ್ರೋದ ಸಾವಿರದ ಒಂದು ಭಾಗ), ಹಾಗಾಗಿ ನಿಮಗೆ ಕಂಡದ್ದು ಮೀಟರಿನ ಕರೆಂಟೇ.

ವೋಲ್ಟ್‌ಮೀಟರ್‌ನ ಒಂದು ತುದಿ ಕಿತ್ತು ಅಮ್ಮೀಟರ್‌ನ ಆಚೆ ಬದಿಗೆ ಹಾಕಿ, ಅಂದರೆ ಅಮ್ಮೀಟರ್, ಡಯೋಡ್ ಎರಡೂ ಅದರೊಳಗೆ ಬರಲಿ. ಫಾರ್ವರ್ಡ್‌ಗೆ ಮಾತ್ರ ಹಳೇ ಜೋಡಣೆಯೇ ಸರಿ, ಇಲ್ಲದಿದ್ದರೆ ಅಮ್ಮೀಟರ್ ತಿನ್ನುವ ವೋಲ್ಟೇಜೂ ಡಯೋಡ್ ಲೆಕ್ಕಕ್ಕೆ ಸೇರಿಬಿಡುತ್ತದೆ.

ಕೇಳಿದವರು:
ಸರ್, ಹಾಗೇ ಮಾಡಿದೆ. 15 ವೋಲ್ಟ್‌ಗೂ 0.0! ತುಂಬಾ ಥ್ಯಾಂಕ್ಸ್. ಆದರೆ ಈಗ ಗ್ರಾಫಿನಲ್ಲಿ ತೋರಿಸೋಕೆ ಏನೂ ಇಲ್ಲ. ರಿವರ್ಸ್ ಕರೆಂಟನ್ನು ಕಣ್ಣಾರೆ ನೋಡಲು ದಾರಿ ಇದೆಯಾ?

ಇನ್ನೊಂದು ಉತ್ತರ:
ಇದೆ. ಜರ್ಮೇನಿಯಂ ಡಯೋಡ್, 1ಎನ್34ಎ ಸಿಕ್ಕರೆ ತನ್ನಿ, ಹಳೇ ರೇಡಿಯೋದಲ್ಲೂ ಈ ಜಾತಿಯವು ಇರುತ್ತವೆ. ಅದರಲ್ಲಿ ಸೋರಿಕೆ, ಅಂದರೆ ರಿವರ್ಸ್ ಕರೆಂಟ್, ಮೈಕ್ರೋ ಆಂಪಿಯರ್‌ಗಳಲ್ಲೇ ಬರುತ್ತದೆ. ಸಾಲ್ಡರಿಂಗ್ ಐರನ್ ಅನ್ನು ಮುಟ್ಟಿಸದೆ ಸುಮ್ನೆ ಹತ್ತಿರ ಹಿಡಿಯಿರಿ, ಅಂಕಿ ಏರುವುದು ಕಾಣುತ್ತದೆ. ರಿವರ್ಸ್‌ನಲ್ಲಿ ಜಂಕ್ಷನ್‌ನ (ಡಯೋಡ್‌ನ ಎರಡು ಭಾಗ ಸೇರುವ ಜಾಗ) ಡಿಪ್ಲೀಷನ್ ಪದರ, ಅಂದರೆ ಕರೆಂಟ್ ಹೊರುವ ಕಣಗಳಿಲ್ಲದ ಪಟ್ಟಿ, ಅಗಲವಾಗಿ ಎರಡೂ ಬದಿಯಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವ ಕಣಗಳು (ಮೆಜಾರಿಟಿ ಕ್ಯಾರಿಯರ್) ದಾಟಲಾಗುವುದಿಲ್ಲ, ಬಿಸಿಗೆ ಹುಟ್ಟುವ ಕೆಲವೇ ಎಲೆಕ್ಟ್ರಾನ್, ಹೋಲ್‌ಗಳು ದಾಟುತ್ತವೆ. ಅದಕ್ಕೇ ಆ ಕರೆಂಟು ವೋಲ್ಟೇಜಿಗಿಂತ ಬಿಸಿಯ ಮಾತನ್ನೇ ಜಾಸ್ತಿ ಕೇಳುತ್ತದೆ, ಹತ್ತು ಡಿಗ್ರಿಗೆ ಹತ್ತಿರಹತ್ತಿರ ಎರಡು ಪಟ್ಟು.

ಜರ್ಮೇನಿಯಂ ಸಿಗದಿದ್ದರೆ ಮೀಟರನ್ನು ಡಯೋಡ್ ಟೆಸ್ಟ್‌ಗೆ ಇಟ್ಟು ನಿಮ್ಮ 4007 ಅನ್ನೇ ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ. ಇದು ರಿವರ್ಸ್ ಕರೆಂಟಲ್ಲ, ಆದರೆ ಬಿಸಿಯ ಪರಿಣಾಮ ಕಾಣುತ್ತದೆ: ಮೀಟರ್ ತೋರಿಸುವ ಫಾರ್ವರ್ಡ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಇಳಿಯುತ್ತಾ ಬರುತ್ತದೆ. ನನಗೆ ಇವತ್ತಿಗೂ ಅದನ್ನು ನೋಡೋದು ಖುಷಿ.

ಬ್ರೇಕ್‌ಡೌನ್ (ರಿವರ್ಸ್ ವೋಲ್ಟೇಜ್ ಒಂದು ಮಿತಿ ದಾಟಿದಾಗ ಕರೆಂಟ್ ಸರ್ರನೆ ಹರಿಯುವುದು) ನೋಡಬೇಕಾದರೆ 4007 ಬೇಡ, ಅದು 1000 ವೋಲ್ಟ್ ತಡೆಯುವ ಡಯೋಡ್. 5.1 ವೋಲ್ಟ್‌ನ ಜೀನರ್, ಅಂದರೆ ಕಡಿಮೆ ವೋಲ್ಟೇಜಿಗೇ ಬ್ರೇಕ್‌ಡೌನ್ ಆಗಲೆಂದೇ ಮಾಡಿದ ಡಯೋಡ್, ತನ್ನಿ, ಸೀರೀಸ್‌ನಲ್ಲಿ 1 ಕಿಲೋ ಓಮ್ ಇರಲೇಬೇಕು. ಸಪ್ಲೈ 15ಕ್ಕೆ ಏರಿಸಿದರೂ ಜೀನರ್ 5ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಉಳಿದ 10 ರೆಸಿಸ್ಟರ್ ಮೇಲೆ ಬೀಳುತ್ತದೆ. ಅದನ್ನೂ ಅಳೆದು ಇಲ್ಲಿ ಹಾಕಿ, ನೋಡೋಣ.