ಲೇಯರ್ 4 ಸ್ವಿಚಿಂಗ್: ಈ ಪದಕ್ಕೆ ಅರ್ಥ ಎಲ್ಲಿವರೆಗೆ?

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಓದೋ ಹುಡುಗರಿಗೆ ಅಂತ ನೆಟ್‌ವರ್ಕಿಂಗ್ ಪಾಠ ಕನ್ನಡದಲ್ಲಿ ಬರೀತಾ ಇದೀನಿ, ಲೇಯರ್ 4 ಸ್ವಿಚಿಂಗ್ ಅನ್ನೋ ಪದದ ಹತ್ರ ಕೆಲಸ ನಿಂತಿದೆ. ನೆಟ್‌ವರ್ಕ್ ಕೆಲಸನ ಪದರ ಪದರವಾಗಿ ನೋಡಿದ್ರೆ ಲೇಯರ್ 2 ಪಕ್ಕದ ಮೆಷಿನ್‌ಗೆ ದಾಟಿಸೋದು, ಲೇಯರ್ 3 ಐಪಿ ಅಡ್ರೆಸ್ ನೋಡಿ ದಾರಿ ಹುಡುಕೋದು, ಲೇಯರ್ 4 ಎರಡು ಪ್ರೋಗ್ರಾಮ್‌ಗಳ ನಡುವಿನ ಮಾತುಕತೆ (ಟಿಸಿಪಿ, ಯುಡಿಪಿ). ಲೇಯರ್ 3ಕ್ಕೂ ಲೇಯರ್ 4ಕ್ಕೂ ಸ್ವಿಚಿಂಗ್ ಅಂತ್ಲೇ ಅಂತಾರೆ, ಆದ್ರೆ ಒಳಗೆ ನಡೆಯೋದು ಬೇರೆ ಬೇರೆ. ನನಗೆ ಗೊತ್ತಿರೋದನ್ನ ಬಿಡಿಸಿ ಬರೀತೀನಿ, ಪ್ರಶ್ನೆ ಕೊನೇಲಿದೆ.

ಲೇಯರ್ 3ದ್ದು ತಕರಾರಿಲ್ಲ. ಪ್ಯಾಕೆಟ್ ಬಂತು, ಯಾವ ಐಪಿ ಅಡ್ರೆಸ್‌ಗೆ ಹೋಗ್ಬೇಕು ಅಂತ ನೋಡ್ತು, ಟೇಬಲ್‌ನಲ್ಲಿ ಅದಕ್ಕೆ ಎಲ್ಲಕ್ಕಿಂತ ಉದ್ದಕ್ಕೆ ಹೊಂದೋ ಪ್ರಿಫಿಕ್ಸ್ (ಅಡ್ರೆಸ್‌ನ ಮೊದಲ ಭಾಗ) ಹುಡುಕ್ತು, ಟಿಟಿಎಲ್ (ಇನ್ನೆಷ್ಟು ರೂಟರ್ ದಾಟಬಹುದು ಅನ್ನೋ ಲೆಕ್ಕ) ಒಂದು ಕಮ್ಮಿ ಮಾಡಿ ಮ್ಯಾಕ್ ಅಡ್ರೆಸ್ (ಲೇಯರ್ 2ರ ಅಡ್ರೆಸ್) ಬದಲಾಯಿಸಿ ಆಚೆ ಕಳಿಸ್ತು, ಅಷ್ಟೇ. ರೂಟರ್ ಮಾಡೋದೂ ಇದನ್ನೇ, 1990ರ ದಶಕದಲ್ಲಿ ಈ ಕೆಲಸನ ಚಿಪ್‌ಗೆ ಇಳಿಸಿದ ಮೇಲೆ ಕಂಪನಿಗಳು ಲೇಯರ್ 3 ಸ್ವಿಚ್ ಅಂತ ಹೆಸರಿಟ್ಟು ಮಾರಿದ್ವು. ಈ ಪ್ಯಾಕೆಟ್ ಯಾವ ಕನೆಕ್ಷನ್‌ಗೆ ಸೇರಿದ್ದು, ಇದರ ಹಿಂದಿನದು ಎಲ್ಲಿಗೆ ಹೋಯ್ತು ಅನ್ನೋದೆಲ್ಲ ಅದಕ್ಕೆ ಬೇಕಿಲ್ಲ.

ಲೇಯರ್ 4 ಅಂದಾಗ ಟಿಸಿಪಿ ಇಲ್ಲ ಯುಡಿಪಿ ಹೆಡರ್‌ನೂ ಓದಬೇಕು. ಅದರ ಮೊದಲ 4 ಬೈಟ್‌ನಲ್ಲೇ ಎರಡೂ ಕಡೆಯ ಪೋರ್ಟ್ ನಂಬರ್ ಇರುತ್ತೆ, ವೆಬ್ ಆದ್ರೆ 443, ಮೇಲ್ ಆದ್ರೆ 25, ಹೀಗೆ (ಸ್ವಿಚ್ಚಿನ ಕೇಬಲ್ ಚುಚ್ಚೋ ಜಾಗಕ್ಕೂ ಪೋರ್ಟ್ ಅಂತಾರೆ, ಪಾಠದಲ್ಲಿ ಪ್ರತಿಸಲ ಪೋರ್ಟ್ ನಂಬರ್ ಅಂತ್ಲೇ ಬರೆಯೋದು ಒಳ್ಳೇದು). ಲೋಡ್ ಬ್ಯಾಲೆನ್ಸರ್ (ಬಂದ ಕೆಲಸನ ಸರ್ವರ್‌ಗಳಿಗೆ ಹಂಚೋದು) ತಗೊಳ್ಳಿ: ಹೊರಗಿನವರಿಗೆ ಕಾಣೋದು ಒಂದೇ ಐಪಿ, ಹಿಂದೆ ಹತ್ತಾರು ಸರ್ವರ್. ಮೊದಲ ಸಿನ್ ಪ್ಯಾಕೆಟ್ (ಟಿಸಿಪಿ ಕನೆಕ್ಷನ್ ಶುರು ಮಾಡೋದು) ಬಂದಾಗ ಒಂದು ಸರ್ವರ್ ಆರಿಸಿ ಟೇಬಲ್‌ನಲ್ಲಿ ಬರ್ಕೊಳ್ಳುತ್ತೆ, ಆಮೇಲೆ ಆ ಕನೆಕ್ಷನ್ ಮುಗಿಯೋವರೆಗೂ ಎಲ್ಲಾ ಪ್ಯಾಕೆಟ್ಟೂ ಅದೇ ಸರ್ವರ್‌ಗೇ ಹೋಗ್ಬೇಕು, ನಡುವೆ ಇನ್ನೊಂದಕ್ಕೆ ಹೋದ್ರೆ ಆ ಸರ್ವರ್‌ಗೆ ತಲೆಬುಡ ತಿಳಿಯಲ್ಲ, ರೀಸೆಟ್ ಕಳಿಸುತ್ತೆ, ಕನೆಕ್ಷನ್ ಕಟ್. ದೊಡ್ಡ ಐಪಿ ಪ್ಯಾಕೆಟ್ ತುಂಡಾಗಿ ಬಂದ್ರಂತೂ ಪೋರ್ಟ್ ನಂಬರ್ ಇರೋದು ಮೊದಲ ತುಂಡಲ್ಲಿ ಮಾತ್ರ, ಲೇಯರ್ 3 ಸ್ವಿಚ್ ಉಳಿದ ತುಂಡುಗಳನ್ನ ಅಡ್ರೆಸ್ ನೋಡಿ ಆರಾಮಾಗಿ ಕಳಿಸುತ್ತೆ, ಲೇಯರ್ 4ದು ತುಂಡು ಸೇರಿಸ್ಬೇಕು, ಇಲ್ಲಾ ಯಾವ ತುಂಡು ಯಾವುದರ ಜೊತೆದು ಅಂತ ಲೆಕ್ಕ ಇಟ್ಕೋಬೇಕು.

ಈಗ ಪದದ ವಿಷ್ಯ. ಲಿನಕ್ಸ್ ಕರ್ನಲ್ ಒಳಗಿನ ಲೋಡ್ ಬ್ಯಾಲೆನ್ಸರ್ ಐಪಿವಿಎಸ್‌ನ ಲೇಯರ್ 4 ಸ್ವಿಚಿಂಗ್ ಅಂತ್ಲೇ ಕರೀತಾರೆ, 1998ರಲ್ಲಿ ಶುರುವಾದ ಲಿನಕ್ಸ್ ವರ್ಚುವಲ್ ಸರ್ವರ್ ಪ್ರಾಜೆಕ್ಟಿಂದ ಬಂದದ್ದು ಅದು. ಅದರಲ್ಲಿ ನ್ಯಾಟ್ ರೀತಿ ಹಾಕಿದ್ರೆ ಪ್ಯಾಕೆಟ್‌ನ ಐಪಿ ಅಡ್ರೆಸ್ ಬದಲಾಗುತ್ತೆ, ಡೈರೆಕ್ಟ್ ರೂಟಿಂಗ್ ಹಾಕಿದ್ರೆ ಐಪಿ, ಪೋರ್ಟ್ ಯಾವುದನ್ನೂ ಮುಟ್ಟಲ್ಲ, ಮ್ಯಾಕ್ ಅಡ್ರೆಸ್ ಮಾತ್ರ ಬದಲಾಯಿಸಿ ಸರ್ವರ್‌ಗೆ ದಾಟಿಸುತ್ತೆ. ಕೈ ಹಾಕಿದ್ದು ಲೇಯರ್ 2ಕ್ಕೆ, ಹೆಸರು ಲೇಯರ್ 4! ಹಾಗಾದ್ರೆ ಏನನ್ನ ಓದಿ ತೀರ್ಮಾನ ಮಾಡ್ತು ಅನ್ನೋದ್ರಿಂದ ಹೆಸರು ಬರುತ್ತೆ, ಏನು ಬದಲಾಯಿಸ್ತು ಅನ್ನೋದ್ರಿಂದಲ್ಲ.

ಅದೂ ಪೂರ್ತಿ ಸಾಲಲ್ಲ. ಒಂದೇ ಊರಿಗೆ ಸಮ ದೂರದ ಎರಡು ದಾರಿ ಇದ್ರೆ ಎಷ್ಟೋ ರೂಟರ್‌ಗಳು ಪೋರ್ಟ್ ನಂಬರ್‌ನೂ ಸೇರಿಸಿ ಹ್ಯಾಶ್ ಮಾಡಿ (ಲೆಕ್ಕ ಹಾಕಿ ಒಂದು ಸಂಖ್ಯೆಗೆ ಇಳಿಸಿ) ದಾರಿ ಆರಿಸ್ತವೆ, ಅದನ್ನ ಯಾರೂ ಲೇಯರ್ 4 ಸ್ವಿಚಿಂಗ್ ಅನ್ನಲ್ಲ, ಯಾಕಂದ್ರೆ ಪ್ಯಾಕೆಟ್ ತಲುಪೋ ಮೆಷಿನ್ ಅದರಿಂದ ಬದಲಾಗಲ್ಲ. ಅದಕ್ಕೆ ನಾನು ಹೀಗೆ ಬರೆದಿದೀನಿ: "ಪೋರ್ಟ್ ನಂಬರ್ ಓದಿ, ಕನೆಕ್ಷನ್ ಯಾವ ಸರ್ವರ್‌ಗೆ ಸೇರಬೇಕು ಅಂತ ಆರಿಸಿ, ಆ ಆಯ್ಕೆನ ಕೊನೇವರೆಗೂ ಉಳಿಸ್ಕೊಳ್ಳೋದು ಲೇಯರ್ 4 ಸ್ವಿಚಿಂಗ್."

ಆದ್ರೆ ಪೋರ್ಟ್ ನಂಬರ್ ನೋಡಿ ತಡೆಯೋ ಇಲ್ಲ ಆದ್ಯತೆ ಕೊಡೋ ಲೇಯರ್ 3 ಡಬ್ಬಗಳನ್ನೂ ಲೇಯರ್ 4 ಸ್ವಿಚ್ ಅಂತ ಮಾರ್ತಾರೆ, ನನ್ನ ವಿವರಣೆಗೆ ಅವು ಸೇರಲ್ಲ. ಡೇಟಾ ಸೆಂಟರ್ ಕಡೆ ಕೆಲಸ ಮಾಡೋರು ಹೇಳಿ, ನಿಮ್ಮಲ್ಲಿ ಆ ಡಬ್ಬಗಳಿಗೆ ಲೇಯರ್ 4 ಅಂತಾರಾ, ಇಲ್ಲಾ ಆ ಹೆಸರು ಲೋಡ್ ಬ್ಯಾಲೆನ್ಸರ್‌ಗೆ ಮಾತ್ರಾನಾ?